ಬೆನ್ನು ಮಾತ್ರ

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ,

ಅಮ್ಮ ಕ್ಷೇಮ. ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೇ ಇದೆ. ನಾನೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಸಂಘದ ಸಭೆಯಿಂದ ಬಂದಾಗಿನಿಂದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೇನೆ. ಅಮ್ಮ ಪಿತ್ತ ಎನ್ನುತ್ತಾಳೆ. ಅವಳ ಹತ್ತಿರ ನಿಜ ಹೇಳುವುದು ಹೇಗೆ? ಇಬ್ಬರೂ ಅವಳ ಮಕ್ಕಳೇ.

ನೀನು ಬಿಟ್ಟುಹೋದ ಹೇಳಿಕೆಗೆ ನಾನು ಸಹಿ ಹಾಕುವುದಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಕೊನೆಗೆ ಗೆಲ್ಲುವುದು ನೀನೇ. ಚಿಕ್ಕಂದಿನಿಂದ ನಡೆದು ಬಂದದ್ದು ಇದೇ. ಕಾಗದವಾದರೆ ನೀನು ಕೊನೆಯವರೆಗೂ ಓದಲೇಬೇಕು, ಇಲ್ಲವೇ ಹರಿದು ಹಾಕಬೇಕು. ಹರಿಯುವವಳಲ್ಲ ನೀನು. ನನ್ನ ಮೇಲೆ ಏನು ಬರೆದಿದ್ದಾಳೋ ನೋಡೋಣ ಎಂಬ ಕುತೂಹಲ ನಿನ್ನನ್ನು ಬಿಡುವುದಿಲ್ಲ.

ಮೊದಲು ನಿನಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಹೋದ ವರ್ಷ ಹಣಕಾಸು ಸಲಹೆಗಾರರ ಸಂಘಕ್ಕೆ ಅಧ್ಯಕ್ಷೆಯಾದ ದಿನ ನೀನು ಮಾಡಿದ ಭಾಷಣ ಕೇಳಿ ನನ್ನ ಕಣ್ಣು ತುಂಬಿತ್ತು. ವೈದ್ಯರು ಬಡವರನ್ನು ಪುಕ್ಕಟೆ ನೋಡುತ್ತಾರೆ, ವಕೀಲರು ಫೀಸಿಲ್ಲದೆ ವಾದಿಸುತ್ತಾರೆ, ನಾವು ಮಾತ್ರ ಇದ್ದವರಿಗೆ ಇನ್ನಷ್ಟು ಮಾಡಿಕೊಳ್ಳುವ ದಾರಿ ತೋರಿಸುತ್ತಾ ಕೂತಿದ್ದೇವೆ ಎಂದೆ. ಪ್ರತಿ ಸದಸ್ಯರೂ ತಿಂಗಳಿಗೆರಡು ಶನಿವಾರ ಕಷ್ಟದಲ್ಲಿರುವವರ ಪಕ್ಕದಲ್ಲಿ ಕೂತು, ಕಾಸು ಮುಟ್ಟದೆ, ಏನನ್ನೂ ಮಾರದೆ, ಅವರ ಸಂಸಾರಕ್ಕೊಂದು ಯೋಜನೆ ಹಾಕಿಕೊಡಬೇಕು ಎಂದೆ. ಏನನ್ನೂ ಮಾರದೆ ಎಂದಾಗ ಹಿಂದಿನ ಸಾಲಿನಲ್ಲಿದ್ದ ವಿಮೆಯವರು ಮುಖ ಮುಖ ನೋಡಿಕೊಂಡರು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಅಕ್ಕನ ಮಾತೆಂದು ಎತ್ತಿದ ಕೈಯಲ್ಲ ಅದು. ಮಾತು ಚೆನ್ನಾಗಿತ್ತು, ಅದಕ್ಕೆ.

ನನ್ನ ಪಾಲಿಗೆ ಬಂದದ್ದು, ಗಂಡಂದಿರ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸರ ಆಶ್ರಯಧಾಮ. ಔಷಧಿ ಅಂಗಡಿಯ ಮೇಲಿನ ಮಹಡಿ. ಬಾಗಿಲಿಗೆ ಬೋರ್ಡಿಲ್ಲ. ಬೋರ್ಡಿಲ್ಲದಿರುವುದೇ ಅಲ್ಲಿಯ ಮೊದಲ ನಿಯಮ ಎಂದು ಮೇಲ್ವಿಚಾರಕಿ ಮೆಟ್ಟಿಲ ಮೇಲೇ ಹೇಳಿದರು. ನನಗೆ ಹಾಕಿಕೊಟ್ಟ ಮೇಜು ಹೊಲಿಗೆ ಯಂತ್ರದ ಪಕ್ಕದಲ್ಲಿತ್ತು. ಒಬ್ಬೊಬ್ಬರೇ ಬಂದು ನನ್ನೊಡನೆ ಮಾತಾಡುವಷ್ಟು ಹೊತ್ತೂ ಮೇಲ್ವಿಚಾರಕಿ ಬಟ್ಟೆಯಿಲ್ಲದ ಯಂತ್ರವನ್ನು ಸುಮ್ಮನೆ ತುಳಿಯುತ್ತಿದ್ದರು. ಒಬ್ಬರ ಕಷ್ಟ ಇನ್ನೊಬ್ಬರ ಕಿವಿಗೆ ಬೀಳದಿರಲಿ ಎಂದು.

ಅಲ್ಲಿ ಸಿಕ್ಕವಳು ಮಡಿಕೆ. ನಿನ್ನ ವರದಿಯಲ್ಲಿ 'ಫಲಾನುಭವಿ' ಎಂದು ಬರೆಸಿದ್ದೀಯಲ್ಲ, ಅವಳೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ ಅವಳದು. ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಸುತ್ತಿದ್ದಳು: ಟವೆಲು, ಬಸ್ ಟಿಕೆಟ್ಟು, ನನ್ನ ಕರವಸ್ತ್ರ. ಅಲ್ಲಿಯ ಹೆಂಗಸರು ಅದಕ್ಕೇ ಆ ಹೆಸರಿಟ್ಟಿದ್ದರು. ಮೊದಲ ದಿನ ನನ್ನ ಕಿವಿಗೆ ಸರಿಯಾಗಿ ಬೀಳದೆ ಮಡಕೆ ಎಂದು ಕರೆದೆ. "ಮಡಕೆ ಅಲ್ಲ ಮೇಡಂ, ಮಡಿಕೆ. ಮಡಕೆ ಆಗಿದ್ದಿದ್ರೆ ಯಾವತ್ತೋ ಒಡೆದು ಹೋಗ್ತಿದ್ದೆ," ಎಂದಳು. ಹೊಲಿಗೆ ಯಂತ್ರ ಒಂದು ಕ್ಷಣ ನಿಂತಿತು. ಮೇಲ್ವಿಚಾರಕಿ ನಗುತ್ತಿದ್ದರು.

ಅವಳೇನು ದೇವತೆಯಲ್ಲ. ಬಾಯಿ ಜೋರು, ಯಾರನ್ನೂ ನಂಬುವುದಿಲ್ಲ, ನನಗೂ ಸುಳ್ಳು ಹೇಳಿದಳು. ಕೈಯಲ್ಲಿ ಏನೂ ಇಲ್ಲ ಎಂದು ಎರಡು ಶನಿವಾರ ಸಾಧಿಸಿದಳು. ನಾನು ನಿಜಕ್ಕೂ ಏನನ್ನೂ ಮಾರುವವಳಲ್ಲ ಎಂದು ಖಾತ್ರಿಯಾದ ಮೇಲೆ ಎದ್ದುಹೋಗಿ ತನ್ನ ದಿಂಬು ತಂದು ಅದರ ಹೊಲಿಗೆ ಬಿಚ್ಚಿದಳು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಅವಳಿಗೆ ಭಯ. ಬ್ಯಾಂಕಿನಿಂದ ಹಳೆಯ ವಿಳಾಸಕ್ಕೆ ಒಂದು ಕಾಗದ ಹೋದರೂ ಸಾಕು, ಗಂಡನಿಗೆ ಜಾಡು ಸಿಗುತ್ತದೆ. ಹಾಗಾಗಿ ಅವಳ ಸಂಬಳವನ್ನು ಲಾಂಡ್ರಿಯ ಗುಮಾಸ್ತ ತನ್ನ ಖಾತೆಗೆ ಹಾಕಿಸಿಕೊಂಡು, ತನಗೆ ಕಂಡಷ್ಟು ಮುರಿದುಕೊಂಡು, ಉಳಿದದ್ದನ್ನು ಉಪಕಾರ ಮಾಡಿದವನಂತೆ ಕೊಡುತ್ತಿದ್ದ. ನಾನು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಆಶ್ರಯಧಾಮದ ಅಂಚೆ ಪೆಟ್ಟಿಗೆಯನ್ನು ವಿಳಾಸವಾಗಿ ಕೊಟ್ಟು ಅವಳ ಹೆಸರಿನಲ್ಲಿ ಖಾತೆ ತೆರೆಸಿದೆ. ಗುಮಾಸ್ತನನ್ನು ಹೋಗಿ ನೋಡಿ ಬಂದೆ. ಬಾಡಿಗೆಗೆ ಇಷ್ಟು, ಮಗಳ ಶಾಲೆಗೆ ಇಷ್ಟು, ಕಷ್ಟಕಾಲಕ್ಕೆ ಇಷ್ಟು ಎಂದು ಇಬ್ಬರೂ ಕೂತು ಜಗಳವಾಡಿ ಗೊತ್ತು ಮಾಡಿದೆವು.

ಆರು ತಿಂಗಳಾಗುವಷ್ಟರಲ್ಲಿ ಅವಳಿಗೆ ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಮೊದಲು ಒಲೆ ಕೊಳ್ಳುವುದೆಂದು ಮಾತಾಗಿತ್ತು. ಹೋಗಿ ನೋಡಿದರೆ ಒಲೆಯಿಲ್ಲ, ಕಿಟಕಿಗೆ ಹಳದಿ ಪರದೆ ತೂಗುತ್ತಿದೆ. ಬೈದೆ. "ಒಲೆ ಎಲ್ಲರ ಮನೇಲೂ ಇರುತ್ತೆ ಮೇಡಂ. ಒಳಗಿಂದ ಮುಚ್ಕೊಳ್ಳೋ ಪರದೆ ನನಗೆ ಇದೇ ಮೊದಲು," ಎಂದಳು. ಅವಳ ಮಗಳು ಪರದೆಯೊಳಗೆ ಸುತ್ತಿಕೊಂಡು ನಿಂತಿದ್ದಳು. ಅಕ್ಕಾ, ಇಷ್ಟು ವರ್ಷದ ಕೆಲಸದಲ್ಲಿ ಒಂದು ಯೋಜನೆ ಕೆಟ್ಟುಹೋದದ್ದಕ್ಕೆ ನಾನು ಸಂತೋಷಪಟ್ಟದ್ದು ಅವತ್ತೊಂದೇ ದಿನ.

ಆಮೇಲೆ ನಿನ್ನ ಸೇವಾ ಸಪ್ತಾಹ ಬಂತು. ಪೋಸ್ಟರಿಗೆ ಚಿತ್ರ ತೆಗೆಸಲು ಕ್ಯಾಮೆರಾದವನನ್ನು ಕರೆದುಕೊಂಡು ನೀನೇ ಲಾಂಡ್ರಿಗೆ ಬಂದೆ. ಹಬೆಯಲ್ಲಿ ನಿನ್ನ ಕನ್ನಡಕ ಮಬ್ಬಾಗಿ ನೀನು ಅದನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದದ್ದು ನೆನಪಿದೆ. ನಾನು ಅಲ್ಲೇ ಇದ್ದೆ, ಅದರಿಂದ ಈ ಭಾಗವನ್ನು ನನ್ನ ಮುಂದೆ ತಿರುಚಬೇಡ. ಅವಳು ಷರತ್ತು ಹಾಕಿದ್ದು ಎಲ್ಲರಿಗೂ ಕೇಳುವ ಹಾಗೆ. "ಬೆನ್ನು ಮಾತ್ರ ಅಂದ್ರೆ ಬೆನ್ನು ಮಾತ್ರ. ನನ್ನ ಗಂಡನಿಗೆ ನನ್ನ ಬೆನ್ನು ಗುರುತು ಸಿಗಲ್ಲ. ಹೊಡೀತಿದ್ದನೇ ಹೊರತು ಯಾವತ್ತೂ ನೋಡ್ಲಿಲ್ಲ." ಕ್ಯಾಮೆರಾದವನು ತಲೆ ತಗ್ಗಿಸಿದ. ನೀನು ಅವಳ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಮುಖ ಎಲ್ಲೂ ಬರಲ್ಲ ಕಣಮ್ಮ, ನಾನು ಮಾತು ಕೊಡ್ತೀನಿ," ಎಂದೆ. ಆ ಮಾತಿನ ಮೇಲೆ ಅವಳು ಒಪ್ಪಿಗೆಗೆ ಸಹಿ ಹಾಕಿದಳು. ಈಗ ನೀವೆಲ್ಲ ಎದೆಗೆ ಅವುಚಿಕೊಂಡು ತಿರುಗುತ್ತಿರುವುದು ಅದೇ ಸಹಿಯನ್ನು.

ಚಿತ್ರ ಆರಿಸಿದ್ದು ನಿನ್ನ ಮನೆಯ ಊಟದ ಮೇಜಿನ ಮೇಲೆ. ಬೆನ್ನಿನ ಚಿತ್ರಗಳನ್ನೆಲ್ಲ ಸರಿಸಿ, ಇದರಲ್ಲಿ ಜೀವವೇ ಇಲ್ಲ ಎಂದೆಯಂತೆ. ಲಾಂಡ್ರಿಯಲ್ಲಿ ತನ್ನ ಮಗಳು ಬಾಗಿಲಲ್ಲಿ ನಿಂತು ಅಮ್ಮಾ ಎಂದಾಗ ಮಡಿಕೆ ಒಂದು ಗಳಿಗೆ ತಿರುಗಿ ನಕ್ಕಿದ್ದಳು. ಕ್ಯಾಮೆರಾದವನು ಆ ಗಳಿಗೆಯನ್ನೂ ಬಿಟ್ಟಿರಲಿಲ್ಲ. ಅದನ್ನು ಎತ್ತಿಕೊಂಡು, "ಇದೇ, ಇದೇ ಬೇಕಾಗಿದ್ದು," ಎಂದೆಯಂತೆ. ಮಾತು ಕೊಟ್ಟಿದ್ದೀಯಲ್ಲ ಎಂದು ಪಕ್ಕದಲ್ಲಿದ್ದವರು ನೆನಪಿಸಿದಾಗ, ಆಮೇಲೆ ನಾನು ಅವಳಿಗೆ ಹೇಳ್ಕೋತೀನಿ ಬಿಡು ಎಂದೆಯಂತೆ. ಆ ಆಮೇಲೆ ಇವತ್ತಿಗೂ ಬಂದಿಲ್ಲ.

ನಾನು ಆ ಪೋಸ್ಟರನ್ನು ಮೊದಲು ನೋಡಿದ್ದು ಆಸ್ಪತ್ರೆಯೆದುರಿನ ಬಸ್ ನಿಲ್ದಾಣದಲ್ಲಿ. ಗಾಜಿನ ಪೆಟ್ಟಿಗೆಯೊಳಗೆ, ಹಿಂದಿನಿಂದ ದೀಪ ಹಾಕಿ, ಆಳೆತ್ತರದ ಮಡಿಕೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಆಸ್ಪತ್ರೆಯ ಹೆಸರು ಸ್ಪಷ್ಟವಾಗಿ ಓದುವಂತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಅವಳ ನಾಳೆ ಈಗ ಅವಳ ಕೈಯಲ್ಲಿ'. ಅದರ ಕೆಳಗೆ ಸಂಘದ ಹೆಸರು, ನಿನ್ನ ಹೆಸರು. ಗಾಜು ಒಡೆಯಲು ನನ್ನ ಹತ್ತಿರ ಇದ್ದದ್ದು ಛತ್ರಿಯೊಂದೇ. ನಾಲ್ಕು ಏಟು ಹಾಕಿದೆ. ಬಸ್ಸಿಗೆ ಕಾದಿದ್ದವರು ಹುಚ್ಚಿ ಎಂದುಕೊಂಡು ದೂರ ಸರಿದರು. ಗಾಜಿಗೆ ಏನೂ ಆಗಲಿಲ್ಲ, ಛತ್ರಿಯ ಕಡ್ಡಿ ಮುರಿಯಿತು.

ಅಲ್ಲಿಂದಲೇ ನಿನಗೆ ಫೋನ್ ಮಾಡಿದೆ. ಆ ಮಾತುಕತೆ ಮರೆತುಹೋಗಿದೆ ಎಂದು ನೀನು ಸಭೆಯಲ್ಲಿ ಹೇಳಿದೆ. ನಾನು ಮರೆತಿಲ್ಲ. ಆ ನಗುವಿನಲ್ಲಿ ಎಷ್ಟು ಜೀವ ಇದೆ ನೋಡಿದ್ಯಾ ಎಂದು ನೀನೇ ಶುರು ಮಾಡಿದೆ. ಇವತ್ತೇ ತೆಗೆಸು ಎಂದೆ ನಾನು. ಸಂಘದ ಕೇಂದ್ರ ಸಮಿತಿಯವರು ಬಂದು ನೋಡಿಕೊಂಡು ಹೋಗಲಿ, ಸೋಮವಾರ ತೆಗೆಸುತ್ತೇನೆ ಎಂದೆ ನೀನು. ಅವಳ ಗಂಡ ಬಸ್ ಓಡಿಸುತ್ತಾನೆ ಅಕ್ಕ, ಪಕ್ಕದ ಊರಿನಿಂದ ಇದೇ ರಸ್ತೆಗೆ ಬರುತ್ತಾನೆ ಎಂದೆ ನಾನು. ಆಗ ನೀನು ನಕ್ಕು ಅಂದದ್ದು ಇದು: "ಡ್ರೈವರು ರಸ್ತೆ ನೋಡ್ತಾನೆ ಕಣೆ, ಪೋಸ್ಟರ್ ನೋಡ್ತಾನಾ?"

ಈ ಒಂದು ವಾಕ್ಯವನ್ನು ನುಂಗಲು ನನ್ನ ಕೈಲಿ ಆಗುತ್ತಿಲ್ಲ. ಅನ್ನದ ಜೊತೆ ಬಾಯಿಗೆ ಬಂದ ಕೂದಲಿನ ಹಾಗೆ ಅದು ಗಂಟಲಲ್ಲೇ ಇದೆ.

ಅವತ್ತೇ ಸಂಜೆ ಮಡಿಕೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮೊದಲು ಅವಳ ಮುಖ ಅರಳಿತು. "ಚೆನ್ನಾಗಿ ಬಂದಿದೀನಿ ಅಲ್ವಾ?" ಎಂದಳು. ತನ್ನನ್ನು ಅಷ್ಟು ದೊಡ್ಡದಾಗಿ, ಅಷ್ಟು ಬೆಳಕಿನಲ್ಲಿ ಅವಳು ಯಾವತ್ತು ನೋಡಿಕೊಂಡಿದ್ದಳು? ಆಮೇಲೆ ಅವಳ ಕಣ್ಣು ಎದೆಯ ಬಿಲ್ಲೆಯ ಮೇಲೆ ನಿಂತಿತು. ಎಷ್ಟು ಕಡೆ ಹಾಕಿದ್ದಾರೆ ಎಂದು ಕೇಳಿದಳು. ಊರ ತುಂಬ ಎಂದೆ. ನನ್ನನ್ನು ಬೈಯಲಿಲ್ಲ, ನಿನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳನ್ನು ಅವತ್ತೇ ಆಶ್ರಯಧಾಮಕ್ಕೆ ಬಿಟ್ಟಳು. ನೀನೂ ಇಲ್ಲೇ ಇರು ಎಂದು ನಾನೂ ಮೇಲ್ವಿಚಾರಕಿಯೂ ಗೋಗರೆದೆವು. ಕೆಲಸಕ್ಕೆ ಹೋಗದಿದ್ದರೆ ಕೆಲಸ ಹೋಗುತ್ತದೆ, ಕೋಣೆ ಬಿಟ್ಟರೆ ಕೋಣೆ ಹೋಗುತ್ತದೆ ಎಂದಳು. ಆ ಎರಡರ ಮೇಲೆಯೇ ಅವಳ ಯೋಜನೆಯನ್ನು ಕಟ್ಟಿಕೊಟ್ಟವಳು ನಾನೇ.

ಆ ವಾರದ ಶುಕ್ರವಾರವೇ ಅವನು ಬಂದ. ತಲೆ ಬಾಚಿಕೊಂಡು, ಮಗಳಿಗೊಂದು ಗೊಂಬೆ ಹಿಡಿದುಕೊಂಡು ಲಾಂಡ್ರಿಯ ಗೇಟಿಗೆ ಬಂದು, ಪೋಸ್ಟರಿನ ಚಿತ್ರ ತೋರಿಸಿ, ಇವಳು ನನ್ನ ಹೆಂಡತಿ, ಕಳೆದುಹೋಗಿದ್ದಾಳೆ ಎಂದು ಅತ್ತನಂತೆ. ಕಾವಲುಗಾರನ ಕರುಳು ಚುರ್ ಎಂದಿತು. ಸೈಕಲ್ ಅಂಗಡಿಯ ಗುರುತು ಹೇಳಿ ಕಳಿಸಿದ. "ಅಳೋ ಗಂಡಸನ್ನ ನಂಬಬಾರದು ಅಂತ ಹಿರಿಯರು ಸುಮ್ನೆ ಹೇಳಿಲ್ಲ," ಎಂದು ಮೇಲ್ವಿಚಾರಕಿ ಆಮೇಲೆ ಹಲ್ಲು ಕಡಿದರು.

ಮಡಿಕೆ ಕೋಣೆಯ ಬೀಗ ತೆಗೆದು ಒಳಗೆ ಕಾಲಿಡುವಾಗ ಅವನು ಹಿಂದಿನಿಂದ ಬಂದ. ಅವಳು ಹೊರಗೆ ಓಡಲೆಂದು ಚೌಕಟ್ಟು ಹಿಡಿದುಕೊಂಡಳು. ಅವನು ಬಾಗಿಲನ್ನು ಅವಳ ಕೈ ಮೇಲೆ ಎಳೆದು ಹಾಕಿದ. ಒಂದು ಸಲವಲ್ಲ. "ನಾಳೆ ನಿನ್ನ ಕೈಯಲ್ಲಿ ತಾನೆ? ತಗೋ," ಎನ್ನುತ್ತಾ. ನಿನ್ನ ವಾಕ್ಯ ಅಕ್ಕ, ಅವನಿಗೆ ಬಾಯಿಪಾಠ ಆಗಿತ್ತು. ಸೈಕಲ್ ಅಂಗಡಿಯವರು ಗಾಳಿ ಹೊಡೆಯುವ ಪಂಪು ಎತ್ತಿಕೊಂಡು ಓಡಿ ಬಂದಾಗ ಅವನು ಗೊಂಬೆಯನ್ನು ಮೆಟ್ಟಿಲ ಮೇಲಿಟ್ಟು, ಏನೂ ಆಗದವನಂತೆ ನಡೆದುಹೋದ. ಪೊಲೀಸರು ಹಿಡಿದರು. ಜಾಮೀನಿನ ಮೇಲೆ ಹೊರಗಿದ್ದಾನೆ.

ಬಲಗೈಯ ಮೂರು ಬೆರಳು ಮುರಿದಿದ್ದವು. ಅವಳನ್ನು ಮಲಗಿಸಿದ್ದು ಅದೇ ಆಸ್ಪತ್ರೆಯಲ್ಲಿ. ನಾನು ಹೋದಾಗ ಎಡಗೈಯಲ್ಲಿ ಹಾಸಿಗೆಯ ಬಟ್ಟೆಯ ಅಂಚು ಹಿಡಿದು ನೋಡುತ್ತಿದ್ದಳು. "ಇದು ನಾನು ಮಡಿಸಿದ್ದಲ್ಲ. ಅಂಚು ಓರೆಯಾಗಿದೆ," ಎಂದಳು. ಅಷ್ಟೇ ಮಾತು. ಕೈ ವಾಸಿಯಾದ ಮೇಲೆ ಬಾ ಎಂದು ಲಾಂಡ್ರಿಯವರು ಹೇಳಿ ಕಳಿಸಿದರು, ಮರುದಿನವೇ ಆ ಜಾಗಕ್ಕೆ ಇನ್ನೊಬ್ಬಳನ್ನು ತೆಗೆದುಕೊಂಡರು. ಮೇಲ್ವಿಚಾರಕಿ ತಾಯಿ ಮಗಳನ್ನು ಬೇರೆ ಊರಿಗೆ ಕಳಿಸಿದ್ದಾರೆ. ಯಾವ ಊರೆಂದು ನನಗೆ ಹೇಳಿಲ್ಲ. ಕೇಳಿದ್ದಕ್ಕೆ, ನಿಮ್ಮ ಮೇಲೆ ಸಿಟ್ಟಿಲ್ಲಮ್ಮ, ಆದರೆ ನಿಮ್ಮ ಕಡೆಯವರಿಗೆ ಇನ್ನು ಮೇಲೆ ಯಾವುದನ್ನೂ ಹೇಳಲ್ಲ ಎಂದರು. ನಮ್ಮ ಕಡೆಯವರು. ಹೌದಲ್ಲ, ನಾನೂ ಆ ಕಡೆಯವಳೇ.

ಇನ್ನು ನಿನ್ನ ಸಭೆ. ಗಂಧದೆಣ್ಣೆ ಸಿಂಪಡಿಸಿದ ಕೋಣೆ, ಪ್ರತಿಯೊಬ್ಬರ ಮುಂದೂ ನೀರಿನ ಬಾಟಲಿ, ತಟ್ಟೆಯಲ್ಲಿ ಬಿಸ್ಕತ್ತು. ವಕೀಲರು ಸಹಿ ತೋರಿಸಿ, ಕಾನೂನಿನ ಪ್ರಕಾರ ನಾವು ಸುರಕ್ಷಿತ ಎಂದರು. ಸುರಕ್ಷಿತ ಎಂಬ ಮಾತನ್ನು ಆ ಕೋಣೆಯಲ್ಲಿ ಅಂದದ್ದು ಅದೊಂದೇ ಸಲ, ಅದೂ ನಿಮ್ಮ ಬಗ್ಗೆ. ಖಜಾಂಚಿಯವರು ಬಿಸ್ಕತ್ತು ಅದ್ದುತ್ತಾ, ಇದರಿಂದ ಈ ವರ್ಷದ ಪ್ರಶಸ್ತಿಗೇನೂ ತೊಂದರೆಯಿಲ್ಲ ತಾನೆ ಎಂದು ಕೇಳಿದರು. ಬಿಸ್ಕತ್ತು ಮುರಿದು ಟೀಯೊಳಗೆ ಬಿದ್ದಾಗ ಅವರ ಮುಖದಲ್ಲಿ ಕಂಡ ಸಂಕಟ, ಮಡಿಕೆಯ ಬೆರಳಿನ ಮಾತು ಬಂದಾಗ ಕಂಡಿರಲಿಲ್ಲ. ಒಬ್ಬರು ಹೂಗುಚ್ಛ ಕಳಿಸೋಣ ಎಂದರು. ಎಲ್ಲಿಗೆ ಎಂದು ನಾನು ಕೇಳಿದೆ. ಇನ್ನು ಮುಂದೆ ಪೋಸ್ಟರಿಗೆ ನಟಿಯರನ್ನು ಬಳಸುವುದೆಂದು ಠರಾವಾಯಿತು. ಬಡತನವನ್ನು ಇವರಿಗಿಂತ ಚೆನ್ನಾಗಿ ಅಭಿನಯಿಸುವವರು ಸಿಗುತ್ತಾರಂತೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಆದರೆ ನೂರಾರು ಜನಕ್ಕೆ ಒಳ್ಳೆಯದಾಗಿರುವಾಗ ಒಂದು ಪ್ರಕರಣ ಹಿಡಿದುಕೊಂಡು ಸೇವೆಯನ್ನೇ ನಿಲ್ಲಿಸಲಾಗುವುದಿಲ್ಲ ಎಂದು ಮುಗಿಸಿದೆ. ತಿಪ್ಪೆ ಸಾರಿಸುವ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಾನು ನೋಡಿರಲಿಲ್ಲ.

ಮರುದಿನ ನೀನು ಮನೆಗೆ ಬಂದು, ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿ, ಹೊರಡುವಾಗ ಆ ಕಾಗದ ನನ್ನ ಕೈಗಿಟ್ಟೆ. ಮುಖದ ಚಿತ್ರ ಬಳಸುವುದನ್ನು ನಾನು ಅವಳಿಗೆ ವಿವರಿಸಿ ಹೇಳಿದ್ದೆ, ಅವಳು ಸಂತೋಷದಿಂದ ಒಪ್ಪಿದ್ದಳು ಎಂದು ನನ್ನ ಹೆಸರಿನಲ್ಲಿ ಬರೆದ ಹೇಳಿಕೆ. ನಾನು ಓದಿ ಅದನ್ನು ಮೇಜಿನ ಮೇಲಿಟ್ಟಾಗ ನೀನು ಕೇಳಿದೆ, "ನಿನ್ನನ್ನ ಓದಿಸಿದ್ದು ಇದಕ್ಕಾ?"

ಹೌದು, ಅಪ್ಪ ಹೋದ ಮೇಲೆ ನನ್ನ ಫೀಸು ಕಟ್ಟಿದವಳು ನೀನು. ಕೆಲಸ ಕಲಿಸಿದವಳು ನೀನು. ಎದುರಿಗೆ ಕೂತವರು ಹಣದ ಮಾತಾಡುವಾಗ ಅವರ ಕೈ ನೋಡು, ಭಯವೆಲ್ಲ ಕೈಯಲ್ಲಿರುತ್ತದೆ ಎಂದು ಹೇಳಿಕೊಟ್ಟವಳೂ ನೀನೇ. ಆ ಅಕ್ಕನ ಮೇಲೆ ಹೇಸಿಗೆಯಾಗಲು ಎಷ್ಟು ಕಷ್ಟವಾಯಿತು ಗೊತ್ತೇ? ಖಜಾಂಚಿಯ ಮೇಲೆ ಹೇಸಿಗೆಪಡುವುದು ಸುಲಭ, ಅವನ ಬಿಸ್ಕತ್ತೇ ಸಾಕು. ನೀನು ಬಾಗಿಲು ಹಾಕಿಕೊಂಡು ಹೋದ ಮೇಲೆ ಅಮ್ಮನ ಕಾಲಿನ ಎಣ್ಣೆ ವಾಸನೆಗೂ ನನಗೆ ಓಕರಿಕೆ ಬಂತು. ಬಚ್ಚಲಿಗೆ ಓಡಿದೆ. ಇದನ್ನು ಬರೆಯಬಾರದೆಂದಿದ್ದೆ. ಬರೆದಾಯಿತು.

ನಾನೇನು ಮಾಡಿದ್ದೇನೆಂದು ಬೇರೆಯವರಿಂದ ನಿನಗೆ ತಿಳಿಯಬಾರದು. ಮೊನ್ನೆ ಶುಕ್ರವಾರ ನಾನು ಪೊಲೀಸರಿಗೂ ಕೇಂದ್ರದ ಶಿಸ್ತು ಸಮಿತಿಗೂ ನನ್ನ ಹೇಳಿಕೆ ಕೊಟ್ಟು ಬಂದೆ. ಲಾಂಡ್ರಿಯಲ್ಲಿ ಅವಳು ಹಾಕಿದ ಷರತ್ತು, ನೀನು ಕೊಟ್ಟ ಮಾತು, ಬಸ್ ಡ್ರೈವರಿನ ಬಗ್ಗೆ ನೀನು ಆಡಿದ ಮಾತು, ಎಲ್ಲವೂ ಅದರಲ್ಲಿದೆ. ಒಂದನ್ನೂ ಉಪ್ಪುಖಾರ ಹಚ್ಚಿ ಹೇಳಿಲ್ಲ. ಬರುವ ಗುರುವಾರ ಸಮಿತಿಯ ವಿಚಾರಣೆ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು. ಮಾತು ಕೊಟ್ಟಿದ್ದೆ, ತಪ್ಪಿದೆ ಎಂದು ನೀನೇ ಹೇಳಿದರೆ ನಾನು ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಇಲ್ಲವಾದರೆ ಎದುರಿನ ಕುರ್ಚಿಯಲ್ಲಿ.

ಸಂಘಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಶನಿವಾರಗಳನ್ನು ಬಿಟ್ಟಿಲ್ಲ. ನಿನ್ನೆ ಆಶ್ರಯಧಾಮಕ್ಕೆ ಹೋಗಿ ಕೆಳಗಿನಿಂದ ಕರೆದೆ. ಮೇಲ್ವಿಚಾರಕಿ ತುಂಬ ಹೊತ್ತು ಬಾಗಿಲು ತೆಗೆಯಲಿಲ್ಲ. ಆಮೇಲೆ ತೆಗೆದರು. ನನ್ನ ಚೀಲ ಬಿಚ್ಚಿ ನೋಡಿದರು, ಫೋನನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನನಗೆ ಅವಮಾನವಾಗಲಿಲ್ಲ. ಹೊಸಬಳೊಬ್ಬಳು ಎದುರಿಗೆ ಬಂದು ಕೂತಳು. ಯಂತ್ರ ಶುರುವಾಯಿತು.

ಇಂತಿ,
ನಿನ್ನ ತಂಗಿ

ಮರೆತ ಮಾತು: ಚಿತ್ರ ಆರಿಸಿದ ವಿಷಯ ನನಗೆ ಹೇಳಿದವರು ಯಾರು ಎಂದು ಕ್ಯಾಮೆರಾದವನ ಮೇಲೆ ಹಾರಾಡಬೇಡ. ಹೇಳಿದ್ದು ನಿನ್ನ ಮಗಳು. ಅವತ್ತು ಊಟದ ಮೇಜಿನಲ್ಲಿ ನಿನ್ನ ಪಕ್ಕ ಕೂತು, ಮಾತು ಕೊಟ್ಟಿದ್ದೀಯಲ್ಲ ಅಮ್ಮ ಎಂದವಳು ಅವಳೇ ಅಂತೆ. ಗೆಳತಿಯ ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ನೀನು ನಂಬಿದ್ದೀಯ. ಬುಧವಾರದಿಂದ ಅವಳು ಇಲ್ಲಿದ್ದಾಳೆ, ಅಜ್ಜಿಯ ಪಕ್ಕ ಮಲಗುತ್ತಾಳೆ. ಗುರುವಾರ ತಾನೂ ಬಂದು ಹೇಳುತ್ತೇನೆ ಎನ್ನುತ್ತಿದ್ದಾಳೆ. ಬೇಡ ಪುಟ್ಟಿ, ಅವಳು ನಿನ್ನ ಅಮ್ಮ ಎಂದೆ. "ಅದಕ್ಕೇ ಚಿಕ್ಕಮ್ಮ," ಎಂದಳು.